ಒಂದು ವರ್ಷದ ಮುಚ್ಚಳಿಕೆ

ಕಮಲಾಪುರದ ಶರಣಪ್ಪನ ಮ್ಯಾಲೆ ಆರೋಪ ಮೂರು: ಬೈದಿದ್ದು, ಹೊಡೆದಿದ್ದು, "ಕೊಂದೇ ಬಿಡ್ತೀನಿ" ಅಂದಿದ್ದು. ಕೆಂಪು ಬಾಳಿ ತೋಟದ ಬದುವಿನ ಜಗಳ. ಮೂರೂ ಸಾಬೀತಾಗಿದ್ವು. ಕಲಬುರಗಿ ಕೋರ್ಟಿನ್ಯಾಗ ಅವನ ವಕೀಲ ನಾನು. ಶಿಕ್ಷೆ ಹೇಳೋ ಮುಂಚೆ ಗೋಗರೆದೆ: "ಮೊದಲನೇ ತಪ್ಪು, ಸ್ವಾಮಿ. ಮೂರೂ ಒಂದೇ ಜಗಳದಾಗ ಆಗಿದ್ದು."

ನ್ಯಾಯಾಧೀಶರು ಕಡತ ತಿರುವಿದ್ರು. "ಜೈಲು ಬೇಡ. ಒಂದು ವರ್ಷ ಜಗಳ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಲಿ. ಜಾಮೀನು ಯಾರು?"

ಶರಣಪ್ಪನ ಕಡಿಂದ ಒಬ್ರೂ ಬಂದಿರಲಿಲ್ಲ. ಎದ್ದು ನಿಂತಾಂವ, ಹೊಡಸ್ಕೊಂಡ ಮಹಬೂಬಸಾಬ!

"ನಾ ನಿಂದರ್ತೀನ್ರೀ."

"ನಿಮ್ಮನ್ನೇ ಹೊಡೆದಿದ್ದಾನಲ್ಲ?"

"ಹೊಡದಾನ, ಅದಕ್ಕ ಕೇಸ್ ಹಾಕೀನಿ. ಹಂಗಂತ ಬಾಜು ತೋಟದಾಂವನ್ನ ಜೈಲಿಗೆ ಕಳಸ್ಲಿಕ್ಕಾಗ್ತದೇನ್ರೀ ಸಾಹೇಬ್ರ? ಆದ್ರ ವರ್ಷ ಭಾಳ ಆಯ್ತು, ಆರು ತಿಂಗಳು ಮಾಡ್ರೀ."

"ಯಾಕೆ?"

"ದಿನಾ ಮುಂಜಾನೆ ಬದುವಿನ ಮ್ಯಾಲೆ ನಿಂತು ಅವನ ಜೋಡಿ ನಾಕು ಮಾತು ಜಗಳಾಡ್ಲಿಲ್ಲಂದ್ರ ನಂಗ ಚಾ ಇಳಿಯಂಗಿಲ್ರೀ."

ನ್ಯಾಯಾಧೀಶರು ಕನ್ನಡಕ ತೆಗೆದು ಭಾಳ ಹೊತ್ತು ಒರೆಸಿದ್ರು. ವರ್ಷ ಮಾತ್ರ ಇಳಿಸಲಿಲ್ಲ.

ಹೊರಗ ಬಂದ ಮ್ಯಾಲೆ ಇಬ್ರೂ ಕೂಡೇ ಊರಿನ ಬಸ್ಸಿಗೆ ಹೊಂಟ್ರು. ನಾಲ್ಕು ಹೆಜ್ಜಿ ಹೋಗಿ ಶರಣಪ್ಪ ಹೊಳ್ಳಿ ಬಂದ. ಕೈ ಮುಗಿತಾನ ಅಂದ್ಕೊಂಡೆ.

"ವಕೀಲ್ರ, ತಪ್ಪು ತಿಳ್ಕೋಬ್ಯಾಡ್ರಿ. ಮುಂದಿನ ಸಲ ಇವನ್ನ ಹೊಡದ್ರ, ಇವನ್ನೇ ವಕೀಲ ಇಟ್ಕೋತೀನ್ರೀ."