ಬೋರ್ಡಿಲ್ಲದ ಮನಃಶಾಸ್ತ್ರ ಟ್ಯೂಷನ್

ಕೆ.ಆರ್. ಪೇಟೆಯ ಬಾಡಿಗೆ ಮನೆಯಲ್ಲಿ ನಾನು ಬಿ.ಎ. ಹುಡುಗಿಯರಿಗೆ ಮನಃಶಾಸ್ತ್ರದ ಟ್ಯೂಷನ್ ಹೇಳಿಕೊಡುತ್ತೇನೆ. ಬಾಗಿಲಿಗೆ ಬೋರ್ಡಿಲ್ಲ. ಒಮ್ಮೆ ಹಾಕಿದ್ದೆ. ಮಾರನೆಯ ದಿನವೇ ಓನರ್ ಹೆಂಡತಿ ಬಂದು, "ತಲೆ ಕೆಟ್ಟೋರ್ನೆಲ್ಲಾ ಇಲ್ಲಿಗೇ ಕರ್ಕಬತ್ತಾರೆ, ತಗುದ್ಬುಡಿ" ಎಂದರು. ಪಾಠಕ್ಕೂ ಔಷಧಿಗೂ ವ್ಯತ್ಯಾಸ ಗೊತ್ತಿಲ್ಲದ ಹೆಂಗಸು ಎಂದು ಒಳಗೊಳಗೇ ಬೈದುಕೊಂಡೆ. ಬೋರ್ಡನ್ನು ಮಾತ್ರ ತೆಗೆದುಬಿಟ್ಟೆ.

ಈ ವರ್ಷ ಸಿಂಧಘಟ್ಟದಿಂದ ಒಬ್ಬ ಹುಡುಗಿ ಬರುತ್ತಾಳೆ. ಚುರುಕು, ಬಾಯಿಯೂ ಜೋರು. ಅವಳಿಗೆ ಚಿನಕುರಳಿಯಲ್ಲಿ ಗಂಡು ನೋಡಿದ್ದರು. ಅವಳ ತಾಯಿ ಒಂದು ದಿನ ಅವಳ ಜೊತೆಯಲ್ಲೇ ಬಂದು ನನ್ನ ಕೈ ಹಿಡಿದುಕೊಂಡರು. "ಗಂಡಿನ್ ಕಡೆಯೋರು ವಿಚಾರ್ಸಕ್ಕೆ ಬಂದ್ರೆ ಇಂಗ್ಲಿಷ್ ಟ್ಯೂಷನ್ನು ಅಂದ್ಬುಡಿ ಮೇಡಂ. ನಮ್ಮುಡ್ಗಿಗೇ ಏನೋ ಆಗದೆ ಅನ್ಕಂಡ್ರೆ ಸಂಬಂಧ ಮುರ್ದೋಯ್ತದೆ." ನನಗೆ ಸಿಟ್ಟು ಬಂತು. ಆದರೂ ಹೂಂ ಎಂದೆ.

ಮನಸ್ಸಿನ ಕಾಯಿಲೆಯನ್ನು ಜನ ಯಾಕೆ ಬಚ್ಚಿಡುತ್ತಾರೆ ಎಂಬುದೇ ಆವತ್ತಿನ ಪಾಠ. "ಜ್ವರ ಬಂದರೆ ಮುಚ್ಚಿಡ್ತೀವಾ?" ಎಂದು ನಾನು ದನಿ ಏರಿಸಿ ಕೇಳುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಕೈಯಲ್ಲೊಂದು ಬಟ್ಟೆಚೀಲ.

"ಚಿನಕುರಳಿಯಿಂದ ಬಂದೆ ಕಣವ್ವ. ಮನಸ್ಸಿನ್ ವಿಚಾರ ಯೋಳ್ಕೊಡೋರ್ ಮನೆ ಇದೇಯಾ?"

ಚಿನಕುರಳಿ ಎಂದದ್ದೇ ನನಗೆ ಸಾಕಾಯಿತು. "ಇಲ್ಲಮ್ಮ, ಇದು ಇಂಗ್ಲಿಷ್ ಟ್ಯೂಷನ್" ಎಂದೆ. ಅವರು ಕೇಳದಿದ್ದರೂ ಸೇರಿಸಿದೆ: "ಇಲ್ಲಿ ಅಂಥೋರು ಯಾರೂ ಬರಲ್ಲ."

ಆಕೆಯ ಮುಖ ಇಳಿದುಹೋಯಿತು. "ಅಂಗಾ... ನನ್ ಮಗ್ಳು ಬಾಣಂತಿ. ಮಗೀನ ಮುಟ್ಟಾಕಿಲ್ಲ ಅಂತಾಳೆ. ಗೋಡೆ ಕಡೀಕ್ ಮಕ ಮಾಡ್ಕಂಡು ಮಲ್ಗಿರ್ತಾಳೆ. ಯಾರ್ತಾವ ತೋರ್ಸದು ಅಂತ ಕೇಳಾವ ಅಂತ ಬಂದೆ. ತಪ್ಪಾಯ್ತು ಬುಡವ್ವ" ಎಂದು ಸೆರಗು ಎಳೆದುಕೊಂಡು ಹೊರಟೇಬಿಟ್ಟರು.

ಅವರು ಗಂಡಿನ ಕಡೆಯವರಲ್ಲ. ಅದು ತಿಳಿದ ಮೇಲೂ ನಾನು ಅವರನ್ನು ವಾಪಸ್ ಕರೆಯಲಿಲ್ಲ. ಈಗಷ್ಟೇ ಆಡಿದ್ದು ಸುಳ್ಳೆಂದು ಹುಡುಗಿಯರ ಎದುರಿಗೆ ಹೇಗೆ ಒಪ್ಪಿಕೊಳ್ಳಲಿ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದವಳು ನಾನು.

ಸಿಂಧಘಟ್ಟದ ಹುಡುಗಿಯೇ ಎದ್ದು ನಿಂತಳು. "ನನ್ ಮದ್ವೆ ಆದ್ರೆ ಆಯ್ತದೆ, ಇಲ್ದಿದ್ರೆ ಇಲ್ಲ. ಓಗಿ ಕರೀರಿ ಮೇಡಂ."

ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ, ಚಿನಕುರಳಿ ಮೇಲೆ ಹೋಗುವ ಪಾಂಡವಪುರದ ಬಸ್ಸಿಗೆ ಕಾಯುತ್ತಿದ್ದವರ ನಡುವೆ ಆಕೆ ಸಿಕ್ಕರು. "ಅಮ್ಮಾ, ನಾನು ಸುಳ್ಳು ಹೇಳಿಬಿಟ್ಟೆ. ಆ ಪಾಠ ಹೇಳೋಳು ನಾನೇ. ನಿಮ್ಮ ಮಗಳಿಗೆ ಆಗಿರೋದಕ್ಕೆ ಡಾಕ್ಟರಿದ್ದಾರೆ, ನಾನೇ ಜೊತೆಗೆ ಬಂದು ತೋರಿಸ್ತೀನಿ" ಎಂದೆ. ಏದುಸಿರಿನಲ್ಲಿ ದನಿ ಜೋರಾಗಿಯೇ ಬಂತು. ಸುತ್ತ ನಿಂತವರು ತಿರುಗಿ ನೋಡಿದರು.

ಆಕೆ ಅವರನ್ನೂ ನೋಡಿದರು, ನನ್ನನ್ನೂ ನೋಡಿದರು. ಚೀಲವನ್ನು ಎದೆಗೆ ಒತ್ತಿಕೊಂಡರು.

"ಯಾರ್ಗವ್ವಾ ಏನಾಗದೆ? ನನ್ ಮಗ್ಳು ಚೆನ್ನಾಗವ್ಳೆ. ನಮ್ಮನೇಲೂ ಅಂತೋರು ಯಾರೂ ಇಲ್ಲ."

ಬಸ್ಸು ಬಂತು. ಹತ್ತಿಕೊಂಡು ಹೋಗಿಬಿಟ್ಟರು. ಚಿನಕುರಳಿಯಲ್ಲಿ ಅವರದು ಯಾವ ಮನೆ ಎಂದು ಕೇಳುವುದಕ್ಕೂ ನನಗೆ ಮುಖವಿರಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ್ದೇನೆ. ನಾನು ಕಲಿಸಿದ್ದನ್ನು ಒಂದೇ ಸಲಕ್ಕೆ ಕಲಿತವರು ಅವರೊಬ್ಬರೇ.