ಲೈವ್ ಹಾಡುಗಳೊಳಗಿನ ಕಿರ್ ಸದ್ದು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕಿವಿಯಕ್ಕ ಎಂದೇ. ಎಷ್ಟೋ ವರ್ಷಗಳಿಂದ ಅವಳದು ಒಂದೇ ಕೆಲಸ, ಹಾಡಿನೊಳಗಿನ ಕಸ ಗುಡಿಸುವುದು. ಯಾರೋ ಕೆಮ್ಮಿದ್ದು, ಕುರ್ಚಿ ಎಳೆದದ್ದು, ಫ್ಯಾನ್ ಗುಂಯ್‌ಗುಟ್ಟಿದ್ದು, ಯಾವುದೂ ಅವಳ ಕಿವಿಯಿಂದ ತಪ್ಪಿಸಿಕೊಳ್ಳದು. ಮನೆಯಲ್ಲಿ ಮಾತ್ರ ತಮ್ಮನೇ ಗಂಟಲು ಹರಿಯುವಂತೆ ಕೂಗಿದರೂ ಕೇಳಿಸುವುದಿಲ್ಲ, ನೋಡಿ!

ಆ ತಮ್ಮನಿಗೆ ಪಾಪ್-ಪಂಕ್ ಹುಚ್ಚು. ಅದೇನು ಹಾಡೋ ಏನೋ, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತದೆ. ಅವನ ತಂಡದ ಮೊದಲ ಪುಟ್ಟ ಆಲ್ಬಮ್‌ನಲ್ಲಿ ಐದು ಹಾಡು. ಮೂರು ಸ್ಟುಡಿಯೋದವು, ಎರಡು ಹಳೆಯ ಸಭಾಂಗಣದಲ್ಲಿ ಜನರೆದುರು ಹಾಡಿದ ಲೈವ್. ಲೈವ್ ಎರಡರಲ್ಲೂ ಕಿರ್ ಎಂಬ ಸದ್ದಿತ್ತು. ಡ್ರಮ್ಮಿನ ಪೆಡಲ್‌ಗೆ ಎಣ್ಣೆ ಹಾಕದ ಸೋಮಾರಿಗಳು ಎಂದು ಬೈದುಕೊಂಡು ಅವಳು ಅದನ್ನು ಅಳಿಸಿದಳು.

ಆಲ್ಬಮ್ ಬಿಡುಗಡೆಯೂ ಅದೇ ಸಭಾಂಗಣದಲ್ಲಿ. ಆ ಸಂಜೆ ಹೊರಡುವ ಮುನ್ನ ಮೂಲ ರೆಕಾರ್ಡಿಂಗ್‌ಗಳನ್ನು ಎತ್ತಿಡುವಾಗ ಸುಮ್ಮನೆ ಇನ್ನೊಮ್ಮೆ ಕೇಳಿದಳು. ಸ್ಟುಡಿಯೋದಲ್ಲೂ ಇದ್ದದ್ದು ಅದೇ ಪೆಡಲ್. ಅಲ್ಲಿ ಸದ್ದೇ ಇಲ್ಲ. ಜನ ಕುಣಿದಾಗಲೆಲ್ಲ ಬರುತ್ತಿತ್ತು ಆ ಕಿರ್, ಎರಡನೆಯ ಹಾಡಿನಲ್ಲಿ ಇನ್ನೂ ಉದ್ದವಾಗಿ. ಪೆಡಲ್ ಅಲ್ಲ, ಆ ಸಭಾಂಗಣದ ಮರದ ಬಾಲ್ಕನಿ! ಅಮ್ಮನನ್ನು ಅಲ್ಲೇ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆಂದು ತಮ್ಮ ಬೆಳಿಗ್ಗೆ ಹೇಳಿದ್ದ.

ಫೋನನ್ನು ಯಾರೂ ಎತ್ತಲಿಲ್ಲ. ಓಡಿ ಬಂದಾಗ ಸಭಾಂಗಣ ತುಂಬಿ ತುಳುಕುತ್ತಿತ್ತು.

"ಬಾಲ್ಕನಿ ಖಾಲಿ ಮಾಡ್ಸಿ ಸಾರ್, ಬೀಳುತ್ತೆ!"

ಸಭಾಂಗಣದ ಮ್ಯಾನೇಜರ್ ನಕ್ಕ. "ನಿಮ್ಮಜ್ಜನ ಕಾಲದಿಂದ ನಿಂತಿದೆಯಮ್ಮ. ಬಾಯಿ ಬಿಟ್ರೆ ಅಪಶಕುನ ನುಡೀತೀರಲ್ಲ!"

ವೇದಿಕೆಯ ಮುಂದೆ ಹೋಗಿ ಎರಡೂ ಕೈ ಬೀಸಿದಳು. ಆ ಪೆದ್ದ ತಮ್ಮ, ಅಕ್ಕನಿಗೂ ಕುಣಿಯುವ ಹುಮ್ಮಸ್ಸು ಬಂದಿದೆ ಎಂದುಕೊಂಡ.

"ನಮ್ಮಕ್ಕ ಬಂದ್ಲು! ಮೇಲಿರೋರೆಲ್ಲ ಕುಣೀರಿ!"

ಬಾಲ್ಕನಿಯಿಂದ ಮಣ್ಣು ಉದುರಿತು. ಇನ್ನು ಬೇರೆ ದಾರಿಯಿಲ್ಲ. ವೇದಿಕೆಯ ಪಕ್ಕದ ಮೇನ್ ಸ್ವಿಚ್ಚನ್ನು ಎಳೆದೇಬಿಟ್ಟಳು. ಹಾಡು ನಿಂತಿತು, ದೀಪಗಳೂ ಆರಿದವು. ಅಬ್ಬಾ, ಬದುಕಿದೆವು ಎಂದುಕೊಂಡಳು.

ಅಷ್ಟರಲ್ಲಿ ಮೇಲಿನವರು ಸಿಟ್ಟಿಗೆದ್ದರು. "ಕರೆಂಟ್! ಕರೆಂಟ್!" ಎನ್ನುತ್ತ ಎಲ್ಲರೂ ಒಟ್ಟಿಗೆ ಕಾಲು ಬಡಿಯತೊಡಗಿದರು. ಕುಣಿತದಲ್ಲಾದರೂ ಒಬ್ಬೊಬ್ಬರದು ಒಂದೊಂದು ಹೆಜ್ಜೆ. ಈಗ ಎಲ್ಲರದೂ ಒಂದೇ.

ಅವಳು ತಮ್ಮನ ಮೈಕ್ ಕಿತ್ತುಕೊಂಡಳು. "ಕೆಳಗೆ ಇಳೀರಿ!" ಮೈಕ್ ಸತ್ತಿತ್ತು. ಕೊಂದವಳು ತಾನೇ.

"ಏನ್ ಮಾಡ್ಬಿಟ್ಟೆ ಅಕ್ಕಾ?" ಎಂದ ತಮ್ಮ.

ಅವಳು ಅಮ್ಮಾ ಎಂದು ಕೂಗುತ್ತ ಕತ್ತಲಲ್ಲೇ ಮೆಟ್ಟಿಲು ಹತ್ತಿದಳು. ಅರ್ಧ ಹತ್ತಿದ್ದಳು, ಮೇಲೆ ಕಿರ್ ಎಂದಿತು. ಈ ಸಲ ಆ ಸದ್ದು ನಿಲ್ಲಲಿಲ್ಲ.