ಉಪ್ಪು ತಿಂದ ಡಬ್ಬಿ

ಆಗ ನನಗೆ ಐವತ್ತೇಳು. ಅದಾಗಿ ಇಪ್ಪತ್ತಾರು ವರ್ಷವಾಯಿತು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಹೊಳೆಯಾಚೆ ತವರಿನಲ್ಲಿ. ಅಲ್ಲಿ ಕಲಿತ ಕನ್ನಡ ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ. ಒತ್ತು ಬಿಟ್ಟಿದ್ದರೆ ಓದುವವರು ಹಾಕಿಕೊಳ್ಳಲಿ.

ನನಗೆ ಗೊತ್ತಿದ್ದ ವಿದ್ಯೆ ಒಂದೇ, ಕುರಿ. ಗಂಡನ ಊರು ತಮಿಳುನಾಡಿನ ಮೇಚೇರಿ, ಅಲ್ಲಿನ ಸಂತೆಯಲ್ಲಿ ಮೂವತ್ತು ವರ್ಷ ಕುರಿ ಕೊಂಡಿದ್ದೇನೆ, ಮಾರಿದ್ದೇನೆ. ಗಂಡ ಇದ್ದಾಗಲೂ ಕೊಳ್ಳುತ್ತಿದ್ದವಳು ನಾನೇ, ಯಾಕೆಂದರೆ ಅವರು ಬಣ್ಣ ನೋಡಿ ಕೊಳ್ಳುತ್ತಿದ್ದರು. ಹಾಗೆ ಕೊಂಡ ಒಂದು ಟಗರು ಸಂತೆಯಿಂದ ಮನೆಗೆ ಬರುವ ದಾರಿಯಲ್ಲೇ ಸತ್ತಿತು. ಬಣ್ಣ ಮಾತ್ರ ಚೆನ್ನಾಗಿತ್ತು.

ನನ್ನ ಕಿರಿಯ ಮಗಳು ಸೇಲಂಗೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡು, ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಟೈಪ್ ಮಾಡಿಕೊಡುತ್ತಿದ್ದಳು. ಆ ಕೋಣೆಯ ಮೇಲೆ ನನ್ನ ದೊಡ್ಡ ಮಗನಿಗೆ ಕಣ್ಣಿತ್ತು. ಅವನದು ಗೊಬ್ಬರದ ವ್ಯಾಪಾರ. ಮೂಟೆ ಇಳಿಸಲು ಅವನಿಗೆ ಜಾಗ ಬೇಕಿತ್ತು.

ಆ ವರ್ಷ ಮಗಳು ಕಂಪ್ಯೂಟರಿಗೆ ಎರಡು ಹೊಸ ಸಾಮಾನು ಹಾಕಿಸಿದಳು. ಒಂದು ದೊಡ್ಡ ಹಾರ್ಡ್ ಡಿಸ್ಕು, ಇನ್ನೊಂದು ಸಿಡಿ ಹಾಕುವ ಡ್ರೈವು. ಹಾಕಿಸಿದ ದಿನದಿಂದ ಅದಕ್ಕೆ ಮೂರ್ಛೆ ಬರತೊಡಗಿತು. ಸಿಡಿ ತಿರುಗಿದರೆ ಸಾಕು, ಟಕ್ ಎಂದು ಆರಿಹೋಗುವುದು. ಟೈಪ್ ಮಾಡಿದ್ದೆಲ್ಲ ಹೋಗುವುದು. ಒಂದು ಮದುವೆ ಕಾರ್ಡನ್ನು ಅವಳು ನಾಲ್ಕು ಸಲ ಟೈಪ್ ಮಾಡಿದಳು. ನಾಲ್ಕನೇ ಸಲ ಸಿಟ್ಟಿನಲ್ಲಿ ವರನ ಜಾಗಕ್ಕೆ ವರನ ಅಪ್ಪನ ಹೆಸರು ಹಾಕಿಬಿಟ್ಟಳು. ಹೆಣ್ಣಿನವರು ನೋಡಿ, ಮತ್ತೆ ಟೈಪ್ ಮಾಡಿಕೊಡು ಎಂದು ವಾಪಸು ಕೊಟ್ಟರು.

ದೊಡ್ಡ ಮಗ ಇದಕ್ಕೇ ಕಾದಿದ್ದ. ಭಾನುವಾರ ಬಾಗಿಲಲ್ಲಿ ನಿಂತು ತಂಗಿಗೆ ಹೇಳಿದ.

“ನೋಡಮ್ಮಿ, ಬುಧವಾರ ಸಂತೆ. ಅಷ್ಟ್ರೊಳಗೆ ಇದು ನಿಂತು ಓಡಿದ್ರೆ ಕೋಣೆ ನಿಂದು. ಇಲ್ಲಾಂದ್ರೆ ಇದನ್ನ ಮಾರ್ಬುಡು, ನಾನು ಮೂಟೆ ಇಳಿಸ್ತೀನಿ.”

“ನಿನ್ನ ಗೊಬ್ರದ ನಾತಕ್ಕೆ ಮದ್ವೆ ಕಾರ್ಡು ಕೇಳಾಕೆ ಯಾರು ಬತ್ತಾರೆ?”

“ಈಗ್ಲೂ ಯಾರೂ ಬತ್ತಾ ಇಲ್ವಲ್ಲ.”

ಅವಳು ಅಳಲಿಲ್ಲ, ಅಳುವ ಪೈಕಿ ಅಲ್ಲ. ಆದರೆ ಆ ಕೋಣೆ ಹೋದರೆ ಅವಳಿಗೆ ಮೇಚೇರಿಯಲ್ಲಿ ಬೇರೆ ಜಾಗವಿಲ್ಲ, ಬಾಡಿಗೆ ಕೊಡುವಷ್ಟು ದುಡಿಮೆ ಇನ್ನೂ ಬಂದಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮೆಟ್ಟೂರಿನಿಂದ ಮೆಕ್ಯಾನಿಕ್ಕು ಬಂದು ಕಂಪ್ಯೂಟರನ್ನು ಬಿಚ್ಚಿ ನೋಡಿದ. ಅದರೊಳಗೆ ಒಂದು ತಗಡಿನ ಡಬ್ಬಿ ಇರುತ್ತದೆ. ಗೋಡೆಯಿಂದ ಬರುವ ಕರೆಂಟನ್ನು ಒಳಗಿನ ಸಾಮಾನಿಗೆಲ್ಲ ಹಂಚಿಕೊಡುವುದು ಅದರ ಕೆಲಸ. ಎಸ್‌ಎಂಪಿಎಸ್ ಅನ್ನುತ್ತಾರೆ. ಹಳೆಯ ಡಬ್ಬಿಗೆ ಹೊಸ ಸಾಮಾನಿನ ಹೊರೆ ತಡೆಯಲಾಗುತ್ತಿಲ್ಲ ಎಂದ. ನನಗೆ ಅಲ್ಲೇ ಅರ್ಥವಾಯಿತು. ಎರಡು ಕುರಿಗೆ ಹಾಕುವ ಮೇವಿಗೆ ನಾಲ್ಕು ಕುರಿ ತಂದು ಕಟ್ಟಿದ್ದರು.

ಸೇಲಂಗೆ ಹೋಗಿ ಮುನ್ನೂರು ವ್ಯಾಟಿನದು ತನ್ನಿ ಎಂದ. ಚೀಟಿ ಮೇಲೆ ಬರೆದಿದ್ದನ್ನು ನಂಬಬೇಡಿ, ಎಲ್ಲರೂ ಮುನ್ನೂರು ಅಂತಲೇ ಬರೆಯುತ್ತಾರೆ, ಒಳ್ಳೆಯದಾದರೆ ಕೈಗೆ ತೂಕ ಸಿಗುತ್ತದೆ ಎಂದ.

ತೂಕ ಅನ್ನುವ ಮಾತು ಕೇಳಿದ ಮೇಲೆ ನಾನು ಎದ್ದು ಹೋಗಿ ನಾಳೆಗೆ ಒಳ್ಳೆಯ ಸೀರೆ ತೆಗೆದಿಟ್ಟೆ.

ಸೋಮವಾರ ನಾನೂ ಮಗಳೂ ಸೇಲಂ ಬಸ್ಸು ಹತ್ತಿದೆವು. ಅಂಗಡಿಯವನು ನಮ್ಮ ಕನ್ನಡ ಮಾತಿನವನೇ, ಮಗ್ಗದ ಮನೆಯವನು. ಮುಂದುಗಡೆ ಕಂಪ್ಯೂಟರ್ ಸಾಮಾನು, ಹಿಂದುಗಡೆ ಅವನ ಅಣ್ಣಂದಿರ ಮಗ್ಗದ ಸದ್ದು. ಮೇಜಿನ ಮೇಲೆ ನಾಲ್ಕು ಡಬ್ಬಿ ಇಟ್ಟ.

“ಎಲ್ಲಾನೂ ಮುನ್ನೂರು ವ್ಯಾಟ್ ದೊಡ್ಡಮ್ಮಾ. ಯಾವ್ದ ಬೇಕಾದ್ರೂ ತಗೊಳ್ಳಿ.”

“ಎಲ್ಲಾ ಒಂದೇ ಆದ್ರೆ ರೇಟು ಯಾಕೆ ನಾಲ್ಕು ತರ ಐತೆ ತಂಬಿ?”

“ಅದು ಕ್ವಾಲಿಟಿ.”

“ಕ್ವಾಲಿಟಿ ಎಲ್ಲೈತೆ, ತೋರ್ಸು.”

ಅವನು ಡಬ್ಬಿ ತಿರುಗಿಸಿ ಚೀಟಿ ತೋರಿಸಿದ.

“ಚೀಟೀನ ನಾನು ಕುರಿ ಕಿವಿಗೂ ಕಟ್ತೀನಿ. ಕುರಿ ತೋರ್ಸು ಅಂದ್ರೆ ಚೀಟಿ ತೋರಿಸ್ತೀಯಲ್ಲ.”

“ಅವ್ವಾ, ಅದು ಕುರಿ ಅಲ್ಲ” ಎಂದು ಮಗಳು ನನ್ನ ಸೆರಗು ಜಗ್ಗಿದಳು.

ನಾನು ಒಂದೊಂದೇ ಡಬ್ಬಿ ಎತ್ತಿದೆ. ಕುರಿಯನ್ನು ಎತ್ತುವುದಕ್ಕೆ ಒಂದು ರೀತಿಯಿದೆ. ಹೊಟ್ಟೆಯ ಕೆಳಗೆ ಎರಡೂ ಕೈ ಹಾಕಿ, ನೆಲದಿಂದ ಒಂದು ಗೇಣು ಎತ್ತಿ, ಹಾಗೇ ಒಂದು ಉಸಿರು ಹಿಡಿದು ನಿಲ್ಲಬೇಕು. ಆಗ ಮಾಂಸ ಎಷ್ಟು, ಉಣ್ಣೆ ಎಷ್ಟು, ಮಾರುವವನ ಸುಳ್ಳು ಎಷ್ಟು ಎಂದು ತೋಳಿಗೆ ಗೊತ್ತಾಗುತ್ತದೆ. ಎರಡು ಡಬ್ಬಿ ಒಣಗಿದ ಕರುಬಾಡು ಮೀನಿನ ಹಾಗೆ ಹಗುರ. ಒಂದು ಪರವಾಗಿಲ್ಲ. ನಾಲ್ಕನೆಯದು ಮಾತ್ರ ಗಬ್ಬದ ಕುರಿಯ ಹಾಗೆ ಕೈ ಜಗ್ಗಿತು. ಇದೇ ಎಂದೆ.

ಆಮೇಲೆ ರೇಟು. ನಮ್ಮ ಸಂತೆಯಲ್ಲಿ ಬಾಯಿಬಿಟ್ಟು ರೇಟು ಹೇಳುವುದಿಲ್ಲ. ಟವೆಲ್ ಕೆಳಗೆ ಇಬ್ಬರೂ ಕೈ ಸೇರಿಸಿ ಬೆರಳು ಹಿಡಿದು ಹೇಳುತ್ತೇವೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರಿಗೆ ಯಾಕೆ ತಿಳಿಯಬೇಕು ಎಂದು ಡಬ್ಬಿ ಸುತ್ತಲು ತಂದಿದ್ದ ಟವೆಲನ್ನು ಅವನ ಕೈ ಮೇಲೆ ಹಾಕಿ ಒಳಗೆ ಅವನ ಎರಡು ಬೆರಳು ಹಿಡಿದೆ.

“ಏನ್ ದೊಡ್ಡಮ್ಮಾ ಇದು, ಕೈ ಬುಡಿ. ಎಂಡ್ರು ಮೇಲ್ಗಡೆ ಅವ್ಳೆ.”

“ಎಂಡ್ರು ಸುದ್ದಿ ಯಾಕೆ? ಎರಡು ಬೆರಳು ಹಿಡಿದಿವ್ನಿ. ನೀನು ಏಟು ಹಿಡಿತೀಯ ಹಿಡಿ.”

“ನಾನು ಏನೂ ಹಿಡಿಯಾಕಿಲ್ಲ. ನೀವು ಕೊಟ್ಟಷ್ಟು ಕೊಡಿ. ಕೈ ಬುಟ್ರೆ ಸಾಕು.”

ಮೂವತ್ತು ವರ್ಷದಲ್ಲಿ ಅಷ್ಟು ಸುಲಭವಾಗಿ ಯಾವ ದಲ್ಲಾಳಿಯೂ ನನಗೆ ಸೋತಿರಲಿಲ್ಲ. ಮಗಳು ಆ ಹೊತ್ತಿಗೆ ಬೀದಿಗೆ ಹೋಗಿ ನಿಂತಿದ್ದಳು.

ಸಂಜೆ ಮೆಕ್ಯಾನಿಕ್ಕು ಬಂದು ಡಬ್ಬಿ ಕೂರಿಸಿದ. ಸಿಡಿ ಹಾಕಿದರು, ತಿರುಗಿತು. ಮಗಳ ಮುಖ ಅರಳಿತು. ನಾನು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟೆ. ಎಲೆ ಕೆಂಪಾಗುವ ಮೊದಲೇ ಟಕ್.

ಬಾಗಿಲಲ್ಲಿ ನಿಂತಿದ್ದ ದೊಡ್ಡ ಮಗ ಹೋಗಿ ಒಂದು ಮೂಟೆ ಹೊತ್ತು ತಂದು ಅವಳ ಕುರ್ಚಿಯ ಪಕ್ಕ ಇಳಿಸಿದ.

“ಇದು ಸುಮ್ನೆ, ಜಾಗ ಅಳತೆ ನೋಡಾಕೆ” ಎಂದು ಅದರ ಮೇಲೆ ಕೂತ.

ನಾನು ಮೆಕ್ಯಾನಿಕ್ಕಿಗೆ ಆ ಡಬ್ಬಿ ಬಿಚ್ಚು ಎಂದೆ. ಅವನು ವೈರು ಕಿತ್ತು, ಕರೆಂಟು ಒಳಗೆ ಉಳಿದಿರುತ್ತದೆ ಎಂದು ಸ್ವಲ್ಪ ಹೊತ್ತು ಕಾದು, ಮೊಳೆ ತಿರುಗಿಸಿ ತೆಗೆದ. ತಳದಲ್ಲಿ ಅಂಗೈ ಅಗಲದ ಒಂದು ಕಬ್ಬಿಣದ ಪಟ್ಟಿ, ಕಪ್ಪು ಗೋಂದಿನಲ್ಲಿ ಅಂಟಿಸಿತ್ತು. ಯಾವ ವೈರೂ ಅದರ ಹತ್ತಿರಕ್ಕೆ ಹೋಗಿರಲಿಲ್ಲ.

“ಇದು ಯಾತಕ್ಕೈತೆ?” ಎಂದೆ.

“ತೂಕಕ್ಕೆ” ಎಂದ ಅವನು.

ಸಂತೆಗೆ ತರುವ ಹಿಂದಿನ ದಿನ ಕುರಿಗೆ ಉಪ್ಪು ತಿನ್ನಿಸುತ್ತಾರೆ. ಬೆಳಿಗ್ಗೆ ಬಾಯಾರಿ ಅದು ಎರಡು ಕೊಡ ನೀರು ಕುಡಿಯುತ್ತದೆ. ಹೊಟ್ಟೆ ದುಂಡಗಾಗಿ ತೂಕ ಬರುತ್ತದೆ. ಮನೆಗೆ ಹೋಗಿ ಎರಡು ಸಲ ಉಚ್ಚೆ ಹೊಯ್ದರೆ ಮೊದಲಿದ್ದ ಕುರಿಯೇ. ಸುಳ್ಳೇಕೆ ಹೇಳಲಿ, ನಾನೂ ತಿನ್ನಿಸಿದ್ದೇನೆ. ಅದಕ್ಕೇ ಹೆಚ್ಚು ಸಿಟ್ಟು ಬಂತು.

“ಮೂವತ್ತು ವರ್ಷ ಸಂತೆ ಕಂಡೋಳಿಗೆ ಉಪ್ಪು ತಿಂದ ಕುರಿ ಕಟ್ಟವ್ನೆ” ಎಂದು ದೊಡ್ಡ ಮಗ ಮೂಟೆಯ ಮೇಲೆ ಕೂತೇ ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. ನೀರು ಕೊಡಲು ಯಾರೂ ಏಳಲಿಲ್ಲ.

ತಪ್ಪು ನನ್ನದೇ. ಅನುಮಾನದ ಕುರಿಯನ್ನು ಎತ್ತಿ ನೋಡಿದರೆ ಸಾಲದು. ಮುಂದೆ ಕಟ್ಟಿಹಾಕಿ ಕೂತು ನೋಡಬೇಕು. ಗಟ್ಟಿ ಕುರಿ ಸ್ವಲ್ಪ ಹೊತ್ತಿಗೆ ಮಲಗಿ ಮೆಲುಕು ಹಾಕುತ್ತದೆ. ರೋಗದ ಕುರಿ ಮೆಲುಕು ಹಾಕುವುದಿಲ್ಲ, ಅದಕ್ಕೆ ಏನು ತಿನ್ನಿಸಿದರೂ ಸರಿ. ಮಾರುವವರು ಅವಸರ ಮಾಡುವುದೇ ಇದಕ್ಕೆ. ನಾನು ಸೇಲಂನಲ್ಲಿ ಕೂತಿರಲಿಲ್ಲ.

ಮಂಗಳವಾರ ಇಡೀ ಕಂಪ್ಯೂಟರನ್ನು ದುಪ್ಪಟಿಯಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಓಮಲೂರು ದಾಟುವಾಗ ಕಂಡಕ್ಟರು ಲಗೇಜ್ ಟಿಕೆಟ್ ಕೇಳಿದ.

“ತೊಡೆ ಮ್ಯಾಲೆ ಮಗು ಕೂತ್ರೆ ಟಿಕೆಟ್ ಕೊಡ್ತೀಯಾ?” ಎಂದೆ.

“ಮಗುವಿಗೆ ಎಷ್ಟು ವಯಸ್ಸು?” ಎಂದ ಅವನು. ಮಗಳು ಟಿಕೆಟ್ ತೆಗೆದುಕೊಂಡಳು.

ಅಂಗಡಿಯವನು ನನ್ನನ್ನು ಕಂಡ ಕೂಡಲೇ ಎರಡೂ ಕೈ ಮೇಜಿನ ಕೆಳಗೆ ಇಟ್ಟುಕೊಂಡ. ನಾನು ಡಬ್ಬಿಯನ್ನೂ ಕಬ್ಬಿಣದ ಪಟ್ಟಿಯನ್ನೂ ಅವನ ಮುಂದೆ ಇಟ್ಟೆ. ಅವನು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕಳ್ಳನಲ್ಲ ಪಾಪ, ಅವನೂ ಬಿಚ್ಚಿ ನೋಡಿರಲಿಲ್ಲ. ಅವನಿಗೂ ಯಾರೋ ಹೀಗೇ ಕಟ್ಟಿದ್ದರು.

“ವಾಪಸ್ ತಗೋತೀನಿ ದೊಡ್ಡಮ್ಮಾ. ಬೇರೆ ಒಂದು ತಗೊಂಡು ಓಗಿ, ಪೋದುಮಾ, ಸಾಕಾ?”

“ಓಗಾಕಿಲ್ಲ. ಉಳಿದ ಮೂರನ್ನೂ ಒಂದೊಂದಾಗಿ ಇದಕ್ಕೆ ಹಾಕು. ಸಿಡಿ, ಡಿಸ್ಕು, ಏನೇನೈತೋ ಎಲ್ಲಾ ಒಟ್ಟಿಗೆ ಓಡ್ಸು. ನಾನು ಕೂತು ನೋಡ್ತೀನಿ.”

“ಏಟೊತ್ತು?”

“ಅದು ಮೆಲುಕು ಹಾಕೋವರ್ಗೂ.”

ಅವನು ಮಗಳ ಮುಖ ನೋಡಿದ. ಈ ಸಲ ಅವಳು ನನ್ನ ಸೆರಗು ಜಗ್ಗಲಿಲ್ಲ. “ಅವ್ವ ಏಳಿದಂಗೆ ಮಾಡಣ್ಣ” ಎಂದಳು.

ಮೊದಲನೆಯದು ನೀಲಿ ಬಣ್ಣದ್ದು, ನೋಡಲು ಚೆಂದ. ನನ್ನ ಗಂಡ ಇದ್ದಿದ್ದರೆ ಅದನ್ನೇ ತೆಗೆದುಕೊಳ್ಳುತ್ತಿದ್ದರು. ಕಾಫಿ ಬರುವ ಮೊದಲೇ ಆರಿತು. ಎರಡನೆಯದು ಮಧ್ಯಾಹ್ನದ ತನಕ ಎಳೆಯಿತು, ಆಮೇಲೆ ದಾರ ಸುಟ್ಟ ವಾಸನೆ ಬಂತು. ಹಿಂದುಗಡೆಯಿಂದ ಅವನ ಅಣ್ಣ ಮಗ್ಗ ನಿಲ್ಲಿಸಿ ಓಡಿಬಂದ, ಅವರ ನೂಲಿಗೇ ಬೆಂಕಿ ಬಿತ್ತೆಂದು.

ಮೂರನೆಯದಕ್ಕೆ ಬಣ್ಣವೇ ಇರಲಿಲ್ಲ. ಬರೀ ತಗಡು, ಒಂದು ಮೂಲೆ ಬಾಗಿತ್ತು. ಆದರೆ ಅದರ ವೈರು ದಪ್ಪ. ಅದನ್ನು ಹಾಕಿ ಎಲ್ಲವನ್ನೂ ಓಡಿಸಿದರು. ನಾನು ಸ್ಟೂಲು ಎಳೆದುಕೊಂಡು ಅದರ ಹಿಂದೆ ಕೂತೆ. ಆಗಾಗ ತಗಡಿಗೆ ಅಂಗೈ ಇಟ್ಟು ನೋಡುತ್ತಿದ್ದೆ. ಜ್ವರದ ಬಿಸಿ ಇರಲಿಲ್ಲ, ಬಿಸಿಲಲ್ಲಿ ನಿಂತು ಬಂದ ಕುರಿಯ ಮೈಯ ಹಾಗೆ ಬೆಚ್ಚಗಿತ್ತು. ಬಂದ ಗಿರಾಕಿಗಳು ಈ ಅಜ್ಜಿ ಏನು ಮಾಡುತ್ತಿದೆ ಎಂದು ತಮಿಳಿನಲ್ಲಿ ಕೇಳಿದರು. ಅಂಗಡಿಯವನು ಮೊದಲು ನಾಚಿಕೊಂಡ. ಮೂರು ಗಂಟೆಯ ಹೊತ್ತಿಗೆ ಕ್ವಾಲಿಟಿ ಚೆಕಿಂಗ್ ಎಂದು ಅವನೇ ಹೇಳತೊಡಗಿದ. ಒಬ್ಬರು ಒಂದು ಮೌಸ್ ತಂದು ನನ್ನ ಕೈಗೆ ಕೊಟ್ಟು ಹೇಗಿದೆ ಎಂದು ಕೇಳಿದರು. ಎತ್ತಿ ನೋಡಿ, ಹಾಲು ಬಿಡದ ಮರಿ ಎಂದೆ. ಅವರು ಬೇರೆ ತೆಗೆದುಕೊಂಡರು.

ನಾಲ್ಕು ಗಂಟೆಗೂ ಅದು ಓಡುತ್ತಲೇ ಇತ್ತು. ಒಂದೇ ಸಮ ಗೊರ ಗೊರ ಸದ್ದು.

“ಮೆಲುಕು ಹಾಕ್ತಾ ಐತೆ. ಕಟ್ಟು” ಎಂದೆ.

“ಟವೆಲ್ ಬೇಡ ದೊಡ್ಡಮ್ಮಾ. ಬಾಯಲ್ಲೇ ಏಳ್ತೀನಿ” ಎಂದ ಅವನು.

ಮನೆಗೆ ಬಂದಾಗ ದೊಡ್ಡ ಮಗ ಕೋಣೆಯ ಬೀಗದ ಕೈ ತನ್ನ ಹತ್ತಿರ ಇಟ್ಟುಕೊಂಡು ಇನ್ನೂ ಐದು ಮೂಟೆ ತಂದು ಜೋಡಿಸಿದ್ದ. ಮಗಳು ಅವುಗಳ ನಡುವೆಯೇ ಮೇಜು ಎಳೆದು ಕಂಪ್ಯೂಟರ್ ಇಟ್ಟು, ಸಿಡಿ ಹಾಕಿ, ಆ ಮದುವೆ ಕಾರ್ಡನ್ನು ಐದನೇ ಸಲ ಶುರುಮಾಡಿದಳು. ಅವನು ಮೂಟೆಯ ಮೇಲೆ ಕೈಕಟ್ಟಿ ಕೂತು ಅದು ಸಾಯುವುದನ್ನು ಕಾದ. ಕಾದೂ ಕಾದೂ ಮೂಟೆಗೆ ಒರಗಿ ನಿದ್ದೆಹೋದ. ಗೊರಕೆ ಅವನದೋ ಡಬ್ಬಿಯದೋ ತಿಳಿಯುತ್ತಿರಲಿಲ್ಲ. ಕಾರ್ಡು ಮುಗಿಯಿತು. ಪ್ರಿಂಟೂ ಬಂತು. ವರನ ಜಾಗದಲ್ಲಿ ವರನೇ ಇದ್ದ.

ಊಟಕ್ಕೆ ಎಬ್ಬಿಸಿದಾಗ ಅವನು ಕಣ್ಣುಜ್ಜಿಕೊಂಡು ಕೇಳಿದ.

“ಇನ್ನೂ ಓಡ್ತಾ ಐತಾ?”

“ಓಡ್ತಾ ಐತೆ” ಎಂದಳು ತಂಗಿ.

“ಸರಿ. ಈ ಮೂಟೆ ಯಾರು ಒರೋದು?”

“ಒತ್ಕೊಂಡು ಬಂದೋನು” ಎಂದೆ ನಾನು.

ಮಾತು ಕೊಟ್ಟ ಮೇಲೆ ತಿರುಗಿಸುವವನಲ್ಲ ಅವನು, ಅಷ್ಟು ಮಾತ್ರ ಒಳ್ಳೆಯ ಗುಣ. ಉಂಡು ಎದ್ದು ಆರೂ ಮೂಟೆ ಹೊತ್ತ. ಬೈಯುತ್ತಲೇ ಹೊತ್ತ, ಆದರೆ ಹೊತ್ತ.

ಮರುದಿನ ಬೆಳಿಗ್ಗೆ ಮುಂದಿನ ಕೋಣೆಯ ಬೀಗದ ಕೈಯನ್ನು ಅವನಿಂದ ಕೇಳಿ ತೆಗೆದುಕೊಂಡು, ಹಲ್ಲುಜ್ಜುತ್ತಿದ್ದ ಮಗಳ ಕೈಗೆ ಕೊಟ್ಟು, ನಾನು ಸಂತೆಗೆ ಹೋದೆ.